256ರಿಂದ ಭಾಗಿಸಿದೆ, ನೆಟ್‌ವರ್ಕ್ ವಾಪಸ್ ಬಂತು

ಜೂನ್ ಮೊದಲ ವಾರ, ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಗೋವಾದ ವಾಸ್ಕೋದಲ್ಲಿ ಮಂಗೋರ್ ಹಿಲ್‌ನ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಹೋಯಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರಿನ ಬ್ಯಾಟರಿ ಇಳಿದು, ಎರಡು ತಾಸು ಫೋನ್ ಸುಮ್ಮನಾಗುವುದು ಇಲ್ಲಿ ಎಲ್ಲರಿಗೂ ರೂಢಿ. ಆದರೆ ಈ ಸಲ ವಾರವಾದರೂ ಬರಲಿಲ್ಲ. ವಾಪಸ್ ಬಂದದ್ದು ಆಗಸ್ಟ್ ಕೊನೆಗೆ, ಅದೂ ನಾನು ತರಿಸಿದ್ದಕ್ಕೆ. “ಸಿಮ್ ಬದಲಿಸಿ ಕೈ ತೊಳಕೋರಿ ಅಣ್ಣಾರ, ಕಂಪನಿಯವ್ರು ನಿಮ್ಮ ಮಾತ ಕೇಳಿ ಟವರ್ ಹತ್ತತಾರೇನು?” ಅಂತ ಓಣಿಯವರೆಲ್ಲ ಹೇಳಿದ್ದರು. ಹತ್ತಿದರು. ಹೇಗೆ ಅಂತ ಬರೆಯುತ್ತೇನೆ.

ನನ್ನದು ವೈರಿಂಗ್ ಕೆಲಸ. ಗಿರಾಕಿ ಒಂದು ಸಲ ಫೋನ್ ಮಾಡುತ್ತಾನೆ, ಹತ್ತಲಿಲ್ಲ ಅಂದರೆ ಮುಂದಿನ ವೈರ್‌ಮನ್‌ಗೆ ಮಾಡುತ್ತಾನೆ. ಆ ಎರಡೂವರೆ ತಿಂಗಳಲ್ಲಿ ದಾಬೋಳಿಯ ಒಂದು ಮನೆಯ ಪೂರ್ತಿ ವೈರಿಂಗ್ ಹೀಗೇ ಕೈಬಿಟ್ಟಿತು. ಕೂಲಿಯೇ ಅರವತ್ತು ಸಾವಿರದ ಹತ್ತಿರ. ಸಣ್ಣಪುಟ್ಟ ರಿಪೇರಿ ಎಷ್ಟು ಹೋದವೋ ಲೆಕ್ಕ ಇಟ್ಟಿಲ್ಲ.

ಕಂಪನಿಯ ದೂರಿನ ನಂಬರ್ 198ಕ್ಕೆ ದೂರು ಕೊಟ್ಟೆ. ಡಾಕೆಟ್ (ದೂರಿನ ದಾಖಲೆ) ನಂಬರ್ ಬಂತು, ಮೂರನೇ ದಿನ “ನಿಮ್ಮ ದೂರು ಪರಿಹಾರವಾಗಿದೆ” ಅಂತ ಮೆಸೇಜೂ ಬಂತು. ಆ ಮೆಸೇಜ್ ಓದಲು ನಾನು ಛತ್ರಿ ಹಿಡಿದು ಟೆರೇಸಿಗೆ ಹೋಗಬೇಕಾಯಿತು. ಹೀಗೆ ನಾಲ್ಕು ಸಲ. ಪ್ರತಿ ಸಲ ಒಂದೇ ಉತ್ತರ: “ಟವರ್ ಚಾಲೂ ಇದೆ ಸರ್, ನಿಮ್ಮ ಫೋನ್ ರಿಸ್ಟಾರ್ಟ್ ಮಾಡಿ.” ಟವರ್ ಚಾಲೂ ಇದೆ ಅನ್ನುವುದು ಸುಳ್ಳಲ್ಲ ಅಂತ ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಮೊದಲು ನನ್ನ ಮನೆಯ ಮೇಲೇ ಅನುಮಾನ ಬಂತು. ಮೇ ತಿಂಗಳಲ್ಲಿ ಟೆರೇಸಿಗೆ ಹೊಸ ತಗಡು ಹಾಕಿಸಿದ್ದೆ, ಗೋವಾದಲ್ಲಿ ಯಾರು ಹಾಕಿಸುವುದಿಲ್ಲ? ಮಳೆ ಬಿಟ್ಟ ಒಂದು ಭಾನುವಾರ ನಾಲ್ಕು ತಗಡು ಬಿಚ್ಚಿ ಅಡುಗೆಮನೆಯಲ್ಲಿ ಫೋನಿನ ಸಿಗ್ನಲ್ ಅಳೆದೆ (ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಕಮ್ಮಿ). ಮೈನಸ್ 118 ಇದ್ದದ್ದು ಮೈನಸ್ 113 ಆಯಿತು, ಅಷ್ಟೇ. ಮೊದಲು ಅದೇ ಜಾಗದಲ್ಲಿ ಮೈನಸ್ 92ರ ಆಸುಪಾಸು ಇರುತ್ತಿತ್ತು. ಆ 26 ಡಿಬಿ (ಡೆಸಿಬೆಲ್) ವ್ಯತ್ಯಾಸ ಅಂದರೆ ಸಿಗ್ನಲ್ ಸುಮಾರು 400 ಪಟ್ಟು ಕಮ್ಮಿ. ತಗಡು ಅಷ್ಟೆಲ್ಲ ತಿನ್ನುವುದಿಲ್ಲ.

ಆಮೇಲೆ ಬೂಸ್ಟರ್. ಮಡಗಾಂವದಿಂದ ನಾಲ್ಕೂವರೆ ಸಾವಿರ ಕೊಟ್ಟು ತಂದೆ. ಕಡ್ಡಿ ತುಂಬಿದವು, ಮಾತು ಮಾತ್ರ ಕತ್ತರಿಸಿ ಕತ್ತರಿಸಿ ಬರುತ್ತಿತ್ತು. ಎರಡನೇ ದಿನ ಕೆಳಗಿನ ಮನೆಯವರ ಫೋನೂ ಕೆಟ್ಟಿತು. ಪರವಾನಗಿ ಇಲ್ಲದೆ ಅದನ್ನು ಹಚ್ಚುವುದು ಅಪರಾಧ, ಮೇಲಾಗಿ ಅದು ಟವರಿನ ಕಿವಿಗೇ ಗದ್ದಲ ತುಂಬುತ್ತದೆ. ಅವತ್ತೇ ಬಿಚ್ಚಿಟ್ಟೆ. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಆ ದುಡ್ಡು ಹೋಯಿತು, ನೀವು ಕಳಕೊಳ್ಳಬೇಡಿ.

ಒಂದು ಪ್ರಯೋಗ ಮಾತ್ರ ಚೆನ್ನಾಗಿತ್ತು. ಹಳೆ ಫೋನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಟೆರೇಸಿನ ಮೂಲೆಯ ಕಂಬಕ್ಕೆ ಕಟ್ಟಿ ಹಾಟ್‌ಸ್ಪಾಟ್ ಹಚ್ಚಿದೆ, ಕೆಳಗೆ ನನ್ನ ಫೋನಿನಲ್ಲಿ ವೈಫೈ ಕಾಲಿಂಗ್. ಆ ಮೂಲೆಯಲ್ಲಿ ಮೈನಸ್ 104 ಸಿಗುತ್ತಿತ್ತು. ಒಂಬತ್ತು ದಿನ ಗಿರಾಕಿಗಳ ಮಾತು ಸ್ಪಷ್ಟ ಕೇಳಿತು. ಹತ್ತನೇ ದಿನ ಚಾರ್ಜರ್ ವೈರ್ ಗುಂಟ ನೀರು ಇಳಿದು ಫೋನ್ ಸತ್ತಿತು. ವೈರಿಗೆ ಕೆಳಗೊಂದು ಕೊಂಡಿ ಬಿಟ್ಟು ಒಳಗೆ ಸೇರಿಸಿದ್ದರೆ ನೀರು ಅಲ್ಲೇ ತೊಟ್ಟಿಕ್ಕುತ್ತಿತ್ತು.

ಬೇರೆ ಕಂಪನಿಯ ಸಿಮ್ಮನ್ನೂ ಹದಿನೈದು ದಿನ ಹಾಕಿ ನೋಡಿದೆ. ಮನೆಯೊಳಗೆ ಮೈನಸ್ 112. ಅಷ್ಟಕ್ಕೆ ಹದಿನಾಲ್ಕು ವರ್ಷದ ನಂಬರ್ ಪೋರ್ಟ್ ಮಾಡಿ ಏನು ಸಿಗುತ್ತದೆ?

ಜುಲೈ ಮೊದಲ ವಾರ ಹಾದಿ ಸಿಕ್ಕಿತು. ಫೋನ್ ಯಾವ ಟವರಿನ ಯಾವ ಭಾಗವನ್ನು ಹಿಡಿದಿದೆ ಅಂತ ಹೇಳುವ ನಂಬರೇ ಸೆಲ್ ಐಡಿ, ಅದನ್ನು ತೋರಿಸುವ ಆ್ಯಪ್ ಇರುತ್ತದೆ. 4ಜಿಯಲ್ಲಿ ಆ ಉದ್ದನೆಯ ನಂಬರನ್ನು 256ರಿಂದ ಭಾಗಿಸಿ. ಭಾಗಲಬ್ಧ ಟವರಿನ ನಂಬರು, ಶೇಷ ಸೆಕ್ಟರಿನದು, ಅಂದರೆ ಟವರಿನಲ್ಲಿ ಒಂದೊಂದು ದಿಕ್ಕಿಗೆ ಸಿಗ್ನಲ್ ಬೀರುವ ಭಾಗದ್ದು. ಹೋದ ದೀಪಾವಳಿಗೆ ನೆಟ್ ನಿಧಾನ ಅಂತ ತೆಗೆದಿದ್ದ ಸ್ಕ್ರೀನ್‌ಶಾಟ್ ಒಂದು ಮಗಳ ಫೋನಿನಲ್ಲಿತ್ತು: 2314498. ಭಾಗಿಸಿದರೆ 9041, ಶೇಷ 2. ಈಗ ಮನೆಯಲ್ಲಿ ಹಿಡಿಯುತ್ತಿದ್ದದ್ದು ಬೇರೆಯೇ ಟವರು, ಗುಡ್ಡದ ಆಚೆಯದು.

ಬೆಳಿಗ್ಗೆ ಆರಕ್ಕೆ 9041 ಇರುವ ಬಿಲ್ಡಿಂಗಿನ ಸುತ್ತ ನಡೆದೆ. ಒಂದು ಬದಿ ಶೇಷ 1, ಇನ್ನೊಂದು ಬದಿ 3, ಎರಡೂ ಕಡೆ ಜೋರು ಸಿಗ್ನಲ್. ನಮ್ಮ ಗುಡ್ಡದ ಕಡೆಗೆ ಮುಖ ಮಾಡಿದ ಬದಿಯಲ್ಲಿ ಪ್ಯಾನೆಲ್ ಆಂಟೆನಾ ಕಣ್ಣಿಗೆ ಕಾಣುತ್ತದೆ, 2 ಮಾತ್ರ ಎಲ್ಲೂ ಇಲ್ಲ. ಐದು ದಿನ ಬೆಳಿಗ್ಗೆ ಸಂಜೆ ನಡೆದೆ, ಬೇರೆ ಎರಡು ಫೋನಿನಲ್ಲೂ ನೋಡಿದೆ. ಟವರ್ ಚಾಲೂ, ಒಂದು ಕೆನ್ನೆ ಸತ್ತಿದೆ! ಕಸ್ಟಮರ್ ಕೇರಿನ ಹುಡುಗನಿಗೆ ಕಂಪ್ಯೂಟರಿನಲ್ಲಿ ಟವರ್ ಮಾತ್ರ ಕಾಣುತ್ತಿದ್ದಿರಬೇಕು. ಒಂದು ಎಚ್ಚರ: ಬ್ಯಾಂಡಿಗೊಂದು (ಟವರ್ ಬಳಸುವ ಒಂದೊಂದು ಫ್ರೀಕ್ವೆನ್ಸಿ ಪಟ್ಟಿಗೊಂದು) ಶೇಷ ಇರುತ್ತದೆ, ಕಂಪನಿಗೊಂದು ಪದ್ಧತಿ. ಹಾಗಾಗಿ ಒಂದೇ ಬ್ಯಾಂಡಿಗೆ ಲಾಕ್ ಮಾಡಿಕೊಂಡು ನಡೆಯಿರಿ.

198ಕ್ಕೆ ಐದನೇ ದೂರು ಕೊಟ್ಟೆ, ಅದೂ ಮುಚ್ಚಿತು. ಅದು ಮುಚ್ಚಿದ ವಾರದಲ್ಲೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಇಮೇಲ್ ಕಳಿಸಿದೆ. ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2012ರ ನಿಯಮದ ಪ್ರಕಾರ ಅಪೀಲಿಗೆ 30 ದಿನ ಅವಕಾಶ, ಅವರು 39 ದಿನದೊಳಗೆ ತೀರ್ಮಾನಿಸಬೇಕು, ಫೀ ಇಲ್ಲ. ಅದರಲ್ಲಿ “ನೆಟ್‌ವರ್ಕ್ ಇಲ್ಲ” ಅನ್ನುವ ಮಾತನ್ನೇ ಬರೆಯಲಿಲ್ಲ. 9041ರ ಸೆಕ್ಟರ್ 2 ಜೂನ್ ಮೊದಲ ವಾರದಿಂದ ಗಾಳಿಯಲ್ಲಿಲ್ಲ, 1 ಮತ್ತು 3 ಇವೆ ಅಂತ ಬರೆದು, ನಡೆದ ಹಾದಿಯ ನಕ್ಷೆ, ಐದು ಡಾಕೆಟ್ ನಂಬರ್, ಹಳೆ ಸ್ಕ್ರೀನ್‌ಶಾಟ್ ಜೋಡಿಸಿದೆ. ಸಬ್ಜೆಕ್ಟಿನಲ್ಲಿ ಬರೆದ ಸಾಲು ಮಾತ್ರ ನನ್ನಲ್ಲೇ ಇರಲಿ. ಎಲ್ಲರೂ ಅದನ್ನೇ ನಕಲು ಮಾಡಿದರೆ ಅದರ ಬಲ ಹೋಗುತ್ತದೆ.

ಮೂವತ್ತೈದನೇ ದಿನವೋ ಏನೋ ಫೀಲ್ಡ್ ಎಂಜಿನಿಯರ್ ಫೋನ್ ಮಾಡಿದ. “ಸೆಕ್ಟರ್ ನಂಬರ್ ನಿಮಗೆ ಯಾರು ಕೊಟ್ಟರು?” ಅಂತ ಮೊದಲು ಕೇಳಿದ. ನಾನೇ ಲೆಕ್ಕ ಹಾಕಿದೆ ಅಂದೆ. ಮರುದಿನ ಅವರ ಹುಡುಗ ಬೆಲ್ಟ್ ಕಟ್ಟಿಕೊಂಡು ಹತ್ತಿ, ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಜಂಪರ್ ಕೇಬಲ್ ಬಿಚ್ಚಿ ಕೆಳಗೆ ತಂದ. ಕನೆಕ್ಟರಿನ ಮೇಲಿನ ಟೇಪು ಬಿಟ್ಟುಕೊಂಡು ನೀರು ಹೋಗಿತ್ತು. ಅಲ್ಲಾಡಿಸಿದರೆ ಎರಡು ಹನಿ ನನ್ನ ಅಂಗೈಗೆ ಬಿದ್ದವು. ಒಳಗೆ ಹಸಿರು ಕಿಲುಬು. ಮಳೆಗಾಲದಲ್ಲಿ ನಾನು ಬಿಚ್ಚುವ ಪ್ರತಿ ಎರಡನೇ ಮೀಟರ್ ಬಾಕ್ಸಿನಲ್ಲಿ ಇರುವಂಥದ್ದೇ.

ಹೊಸ ಜಂಪರ್ ಹಾಕಿದ ಮೇಲೆ ಮನೆಗೆ ಓಡಿದೆ. ಅಡುಗೆಮನೆಯಲ್ಲಿ ಮೈನಸ್ 94, ಶೇಷ 2. ಅದನ್ನು ನೋಡುತ್ತಿರುವಾಗಲೇ ಫೋನ್ ಬಡಿಯಿತು. ಮೂರನೇ ಓಣಿಯ ಅಕ್ಕ: “ಅಣ್ಣಾರ, ನಮ್ಮನ್ಯಾಗೂ ಕಡ್ಡಿ ಬಂದಾವ್ರಿ!”

ಈಗ ಝುವಾರಿನಗರದ ನಮ್ಮ ಭಾವನ ಮನೆಯಲ್ಲೂ ಇದೇ ಗೋಳು. ಅಲ್ಲಿ ಕಾಣೆಯಾದ ಶೇಷ 13. ಭಾನುವಾರ ಇಬ್ಬರೂ ನಡೆಯಲು ಹೋಗುತ್ತೇವೆ.