ವಿ8 ಸಾಕಾ, ಸ್ಪೀಡ್ ಬೇಕಾ? ಎರಡು ಬೆಂಟ್ಲಿ ಓಡಿಸಿ ನೋಡಿದ್ದು

ಸೆಕೆಂಡ್ ಹ್ಯಾಂಡ್ ದುಬಾರಿ ಕಾರು ಕೊಳ್ಳುವವರ ಪರವಾಗಿ ಗಾಡಿ ಪರೀಕ್ಷೆ ಮಾಡಿಕೊಡುವುದು ನನ್ನ ಕೆಲಸ. ಸದಾಶಿವನಗರದ ಒಬ್ಬರಿಗೆ ಬೆಂಟ್ಲಿ ಕಾಂಟಿನೆಂಟಲ್ ಜಿಟಿ ಬೇಕಿತ್ತು, ಮೂರನೇ ತಲೆಮಾರಿನದು. ಮಾರಾಟಕ್ಕೆ ಎರಡು ಸಿಕ್ಕವು. ಒಂದು ವಿ8, ಅಂದರೆ 8 ಸಿಲಿಂಡರ್ ಎಂಜಿನ್ನಿನದು. ಇನ್ನೊಂದು 12 ಸಿಲಿಂಡರಿನ ಡಬ್ಲ್ಯು12 ಎಂಜಿನ್ನಿನ 'ಸ್ಪೀಡ್' ಅನ್ನೋ ಮಾದರಿ.

"ಪವರ್ ಜಾಸ್ತಿ ಇರೋದನ್ನೇ ತಗೊಂಡ್ಬಿಡೋಣ, ಅಲ್ವಾ?" ಎಂದರು.

"ತಡೀರಿ ಸಾರ್, ಎರಡನ್ನೂ ಓಡಿಸಿ ನೋಡಿ ಹೇಳ್ತೀನಿ" ಎಂದೆ.

ಕಂಪನಿ ಲೆಕ್ಕದಲ್ಲಿ ವಿ8ಗೆ 550 ಪಿಎಸ್ (ಎಂಜಿನ್ ಶಕ್ತಿಯ ಅಳತೆ, ಅಶ್ವಶಕ್ತಿ), ಸ್ಪೀಡ್‌ಗೆ 659. ನಿಂತಲ್ಲಿಂದ ಗಂಟೆಗೆ 100 ಕಿಮೀ ಮುಟ್ಟಲು ಅದಕ್ಕೆ 4 ಸೆಕೆಂಡ್, ಇದಕ್ಕೆ 3.6. ಗರಿಷ್ಠ ವೇಗ 318 ಮತ್ತು 335. ನಮ್ಮ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೇ 100 ದಾಟಿದರೆ ಕ್ಯಾಮೆರಾ ಹಿಡಿಯುತ್ತೆ, ಹಾಗಾಗಿ ಗರಿಷ್ಠ ವೇಗವನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಮೊದಲು ಟೈರು. ಎರಡಕ್ಕೂ ಗಾಡಿ ತಣ್ಣಗಿದ್ದಾಗಲೇ ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿದೆ, ಯಾಕೆಂದರೆ ಗಾಳಿ ಹೆಚ್ಚುಕಮ್ಮಿ ಇದ್ದರೆ ಸಸ್ಪೆನ್ಷನ್ ಬಗ್ಗೆ ಏನು ಹೇಳಿದರೂ ಸುಮ್ನೆ ಮಾತಾಗುತ್ತೆ. ಪೆಟ್ರೋಲೂ ಒಂದೇ ಬಂಕಿನ 95 ಆಕ್ಟೇನ್. ಗಾಡಿಯ ಕಂಪ್ಯೂಟರ್ ಹೇಳೋದನ್ನು ಓದುವ ಸ್ಕ್ಯಾನರ್ ಹಾಕಿಕೊಂಡೇ ಹೊರಟೆ.

ಸಂಜೆ ಹೆಬ್ಬಾಳದ ಜಾಮ್. ಇವೆರಡರಲ್ಲೂ 8 ಗೇರಿನ ಡ್ಯುಯಲ್ ಕ್ಲಚ್, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದೆ. ಬ್ರೇಕಿಂದ ಕಾಲು ತೆಗೆದು ತೆವಳಿಸುವಾಗ ಜರ್ಕ್ ಹೊಡೆಯುತ್ತಾ, ಗೇರ್‌ಬಾಕ್ಸ್ ಬಿಸಿ ಏರುತ್ತಾ ಹೋಗುತ್ತಾ ಅನ್ನುವುದನ್ನು ಇಂಥ ಜಾಗದಲ್ಲೇ ನೋಡಬೇಕು. ಖಾಲಿ ರೋಡಲ್ಲಿ ಟೆಸ್ಟ್ ಡ್ರೈವ್ ಕೊಡುವ ಮಾರಾಟಗಾರರಿಗೆ ಇದು ಇಷ್ಟವಾಗಲ್ಲ! ಎರಡೂ ಪಾಸಾದವು. ಸ್ಪೀಡ್‌ನ 900 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) 1,500 ಆರ್‌ಪಿಎಂ ಸುಮಾರಿಗೇ ಸಿಗುತ್ತೆ, ವಿ8ನ 770ಕ್ಕೆ 2,000 ಬೇಕು. ಆದರೆ ಮುಂದೆ ಬಿಎಂಟಿಸಿ ಬಸ್ಸಿದ್ದಾಗ ಆ ವ್ಯತ್ಯಾಸ ಕಟ್ಟಿಕೊಂಡು ಏನು ಮಾಡೋದು?

ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ನಂದಿ ಬೆಟ್ಟದಲ್ಲಿ. 1,478 ಮೀಟರ್ ಎತ್ತರ, ಟರ್ಬೊ ಇಲ್ಲದ ಎಂಜಿನ್ ಆಗಿದ್ದರೆ ತೆಳು ಗಾಳಿಗೆ ಸ್ವಲ್ಪ ಸುಸ್ತಾಗುತ್ತಿತ್ತು. ಇವೆರಡಕ್ಕೂ ಜೋಡಿ ಟರ್ಬೊ, ಆ ಚಿಂತೆಯಿಲ್ಲ. ತಿರುವಿನಲ್ಲಿ ಮಾತ್ರ ಬೇರೆ ಬೇರೆ. ಸ್ಪೀಡ್ ಅಲ್ಲದ ಮಾಮೂಲಿ ಡಬ್ಲ್ಯು12 ಗಾಡಿಗಿಂತ ವಿ8 ಸುಮಾರು 80 ಕೆಜಿ ಹಗುರ, ಆ ಭಾರ ಇಳಿದಿರುವುದು ಹೆಚ್ಚಾಗಿ ಮೂತಿಯಲ್ಲೇ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ಬರುತ್ತೆ. ಸ್ಪೀಡ್ ಭಾರವಾದರೂ ಅದಕ್ಕೆ ಹಿಂದಿನ ಚಕ್ರವೂ ತಿರುಗುವ ವ್ಯವಸ್ಥೆ ಇದೆ. ನಿಧಾನದಲ್ಲಿ ಮುಂದಿನ ಚಕ್ರಕ್ಕೆ ಎದುರು ದಿಕ್ಕಿಗೆ, ಜೋರಾಗಿ ಹೋಗುವಾಗ ಅದೇ ದಿಕ್ಕಿಗೆ. ಇದರ ಮಜಾ ಬೆಟ್ಟಕ್ಕಿಂತ ಜಾಸ್ತಿ ಸಿಕ್ಕಿದ್ದು ಲ್ಯಾವೆಲ್ಲೆ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ವಿ8 ರಿವರ್ಸ್ ತಗೊಂಡ ಕಡೆ ಸ್ಪೀಡ್ ಒಂದೇ ಸಲಕ್ಕೆ ಸುತ್ತಿಬಿಟ್ಟಿತು. ನನ್ನ ಪ್ರಕಾರ ಸ್ಪೀಡ್‌ಗೆ ಜಾಸ್ತಿ ದುಡ್ಡು ಕೊಡುವುದಾದರೆ ಇದಕ್ಕೆ ಕೊಡಬೇಕು, ಪಿಎಸ್‌ಗಲ್ಲ.

ಹಳ್ಳದ ರೋಡಲ್ಲಿ ವಿ8 ಗೆದ್ದಿತು. ಅದರದು 21 ಇಂಚಿನ ಚಕ್ರ, ಸ್ಪೀಡ್‌ದು 22. ಚಕ್ರ ದೊಡ್ಡದಾದರೆ ಟೈರಿನ ಗೋಡೆ ಗಿಡ್ಡವಾಗುತ್ತೆ, ಗಿಡ್ಡವಾದಷ್ಟೂ ರಿಮ್ಮಿಗೆ ಏಟು ಹತ್ತಿರ.

"ಡಬ್ಲ್ಯು12 ಇನ್ನು ಬರಲ್ವಂತೆ, ಮುಂದೆ ರೇಟ್ ಬರುತ್ತೇನೋ?" ಎಂದು ಅವರು ಕೇಳಿದರು. 2024ರಲ್ಲಿ ಆ ಎಂಜಿನ್ ನಿಂತಿದ್ದು ನಿಜ, ಈಗಿನ ಸ್ಪೀಡ್ 782 ಪಿಎಸ್‌ನ ವಿ8 ಹೈಬ್ರಿಡ್. ಎತ್ತಿಡೋದಕ್ಕಾದರೆ ತಗೊಳ್ಳಿ ಎಂದೆ. ಆದರೆ ಇವರು ವಾರವಾರ ತಾವೇ ಓಡಿಸುವವರು, ಮನೆ ಮುಂದೆ ಗಾಡಿ ತಿರುಗಿಸಲು ಬೇಕಾದಷ್ಟು ಜಾಗವಿದೆ. ವಿ8 ತಗೊಂಡರು. ಟೈರಿನ ಮೇಲಿನ ನಾಲ್ಕಂಕಿಯ ತಾರೀಕು ನೋಡಿದ್ದೆ, 1519 ಇತ್ತು, ಅಂದರೆ 2019ರ 15ನೇ ವಾರದ್ದು, ಬದಲಿಸುವಷ್ಟು ಹಳೆಯದು. ಹೊಸ ಟೈರಿನ ದುಡ್ಡನ್ನು ರೇಟಿನಲ್ಲೇ ಇಳಿಸಿಸಿಕೊಟ್ಟೆ.