ಹಳೆ ಮಸ್ಟಾಂಗ್‌ಗೆ ಬೇರೆಯವರು ಕಟ್ಟಿಟ್ಟ ಸಿ4 ಗೇರ್‌ಬಾಕ್ಸ್ ಕೊಳ್ಳುವಾಗ

ಡೆಟ್ರಾಯ್ಟ್ ಸುತ್ತಮುತ್ತ ವಾಸಿಸುವ ನಮಗೆ ಹಳೆ ಫೋರ್ಡ್ ಕಾರಿನ ಬಿಡಿಭಾಗಗಳಿಗೆ ಬರವಿಲ್ಲ. ಬೇಸಿಗೆ ಬಂತೆಂದರೆ ಗ್ಯಾರೇಜ್‌ಗಳ ಬಾಗಿಲು ತೆರೆಯುತ್ತವೆ, ‘ರೀಬಿಲ್ಟ್ ಸಿ4’ (ಬಿಚ್ಚಿ ಮತ್ತೆ ಕಟ್ಟಿದ ಸಿ4) ಎಂಬ ಚೀಟಿ ಅಂಟಿಸಿಕೊಂಡ ಗೇರ್‌ಬಾಕ್ಸ್‌ಗಳು ಹೊರಗೆ ಬರುತ್ತವೆ. ನನ್ನದು 1966ರ ಮಸ್ಟಾಂಗ್, 289 ಘನ ಇಂಚಿನ ವಿ8 (ಎಂಟು ಸಿಲಿಂಡರಿನ) ಇಂಜಿನ್, ಮೂರು ಗೇರಿನ ಸಿ4 ಆಟೋಮ್ಯಾಟಿಕ್. ಇಲ್ಲಿನ ಕನ್ನಡದ ಗೆಳೆಯರಲ್ಲಿ ಒಬ್ಬಿಬ್ಬರು ಈಗ ಇಂಥ ಕಾರು ತೆಗೆದುಕೊಂಡಿದ್ದಾರೆ. ಅವರಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಗದ ಇಲ್ಲದ ರೀಬಿಲ್ಟ್ ಗೇರ್‌ಬಾಕ್ಸ್‌ಗೆ ಹಳೆ ಗೇರ್‌ಬಾಕ್ಸ್‌ನ ಬೆಲೆ ಮಾತ್ರ ಕೊಡಿ. ಯಾರು ಬಿಚ್ಚಿದರು, ಯಾವ ವರ್ಷ, ಯಾವ ಕಿಟ್ ಹಾಕಿದರು, ಕ್ಲಚ್ ಪ್ಲೇಟ್ ಮತ್ತು ಬ್ಯಾಂಡ್ (ಒಳಗಿನ ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿ) ಹೊಸವೇ, ಬುಷ್ ಮತ್ತು ಥ್ರಸ್ಟ್ ವಾಷರ್ ಬದಲಾದವೇ, ಎಣ್ಣೆಯ ಪಂಪ್ ಬಿಚ್ಚಿ ನೋಡಿದರೇ ಎಂಬುದಕ್ಕೆಲ್ಲ ರಸೀದಿಯೋ ಫೋಟೋವೋ ಇರಬೇಕು. ಹೊರಗಿನ ಸೀಲ್ ಮತ್ತು ಗ್ಯಾಸ್ಕೆಟ್ ಬದಲಿಸಿ, ಕೇಸ್‌ಗೆ ಬೆಳ್ಳಿ ಬಣ್ಣ ಹೊಡೆದು, ರೀಬಿಲ್ಟ್ ಎಂದು ಮಾರುವವರು ಎಲ್ಲ ಕಡೆ ಇದ್ದಾರೆ. ಎಣ್ಣೆ ಸೋರುವುದು ಅದರಿಂದ ನಿಲ್ಲುತ್ತದೆ, ಒಳಗೆ ಸವೆದ ಕ್ಲಚ್ ಹಾಗೇ ಇರುತ್ತದೆ. ಬಣ್ಣದ ಕೆಳಗೆ ಪಂಪಿನ ಬೋಲ್ಟ್‌ಗಳ ತಲೆ ನೋಡಿ. ಸುತ್ತ ಹಳೆ ಜಿಡ್ಡು ಗಟ್ಟಿಯಾಗಿ ಕೂತಿದ್ದು, ಪಾನಾ ತಾಗಿದ ಒಂದು ಗುರುತೂ ಇಲ್ಲದಿದ್ದರೆ ಅದನ್ನು ಯಾರೂ ಬಿಚ್ಚಿಲ್ಲ.

ಹೊರಡುವ ಮೊದಲು ನಿಮ್ಮ ಕಾರು ಏನು ಬೇಡುತ್ತದೆ ಎಂದು ತಿಳಿದಿರಬೇಕು. 1965–66ರ ಮಸ್ಟಾಂಗ್‌ನಲ್ಲಿ ಚಾಲಕನ ಬಾಗಿಲಿನ ತಗಡಿನ ಮೇಲೆ ಟ್ರಾನ್ಸ್‌ಮಿಷನ್ ಕೋಡ್ ‘6’ ಇದ್ದರೆ ಅದು ಸಿ4. ಸಿ4 1964ರಲ್ಲಿ ಬಂದು 1981ರವರೆಗೂ ನಡೆಯಿತು, ಅಷ್ಟರಲ್ಲಿ ಒಳಗೂ ಹೊರಗೂ ಸಾಕಷ್ಟು ಬದಲಾಯಿತು. ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲನೆಯದು ಇಂಜಿನ್‌ಗೆ ಕೂರುವ ಬೆಲ್‌ಹೌಸಿಂಗ್, ಅಂದರೆ ಗೇರ್‌ಬಾಕ್ಸ್‌ನ ಮುಂಭಾಗದ ಗಂಟೆಯಾಕಾರದ ಕವಚ. 1964ರ ಆಗಸ್ಟ್‌ಗೆ ಮುಂಚಿನ ಸಣ್ಣ ವಿ8ಗಳದು ಐದು ಬೋಲ್ಟಿನ ಜೋಡಣೆ, ಆಮೇಲಿನದು ಆರು. ಸಿ4ನಲ್ಲಿ ಬೆಲ್‌ಹೌಸಿಂಗ್ ಕೇಸ್‌ನಿಂದ ಬೇರೆಯಾಗುತ್ತದೆ, ಹಾಗಾಗಿ ನಿಮ್ಮದನ್ನೇ ಹಾಕಿಕೊಳ್ಳುವ ದಾರಿಯಿದೆ. ಆದರೂ ಕೊಳ್ಳುವ ಕೇಸ್ ಮೇಲೆ ಅದನ್ನು ಕೂರಿಸಿ ನೋಡದೆ ದುಡ್ಡು ಎಣಿಸಬೇಡಿ. ಎರಡನೆಯದು ಇನ್‌ಪುಟ್ ಶಾಫ್ಟ್, ಅಂದರೆ ಟಾರ್ಕ್ ಕನ್ವರ್ಟರ್‌ನಿಂದ (ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಭಾಗ) ಗೇರ್‌ಬಾಕ್ಸ್ ಒಳಗೆ ಹೋಗುವ ದಂಡ. 1969ರವರೆಗೆ ಎರಡೂ ತುದಿಯಲ್ಲಿ 24 ಹಲ್ಲಿನ ಸ್ಪ್ಲೈನ್, 1970ರಲ್ಲಿ ಕನ್ವರ್ಟರ್ ಕಡೆ 26 ಮತ್ತು ಒಳಗಿನ ತುದಿಯಲ್ಲಿ 24, 1971ರಿಂದ ಎರಡೂ ಕಡೆ 26. ನಿಮ್ಮ 24 ಸ್ಪ್ಲೈನಿನ ಕನ್ವರ್ಟರ್ 26ರ ಶಾಫ್ಟ್‌ಗೆ ಹೋಗುವುದೇ ಇಲ್ಲ. ಈ ಶಾಫ್ಟ್ ಕೈಯಲ್ಲಿ ಎಳೆದರೆ ಹೊರಗೆ ಬಂದುಬಿಡುತ್ತದೆ, ಎಷ್ಟೋ ಗೇರ್‌ಬಾಕ್ಸ್‌ಗಳು ಅದಿಲ್ಲದೆಯೇ ಮಾರಾಟಕ್ಕೆ ಬರುತ್ತವೆ. ಇದೆಯೇ ಎಂದು ಕೇಳಿ, ಇದ್ದರೆ ಹಲ್ಲು ಎಣಿಸಿ.

1966ರವರೆಗಿನ ಮಸ್ಟಾಂಗ್‌ನ ವಾಲ್ವ್ ಬಾಡಿ (ಎಣ್ಣೆಯನ್ನು ಹರಿಸಿ ಗೇರ್ ಬದಲಿಸುವ ಭಾಗ) ಬೇರೆ ಬಗೆಯದು. ಲಿವರನ್ನು ಹಸಿರು ಚುಕ್ಕೆಯಲ್ಲಿಟ್ಟರೆ ಮೂರೂ ಗೇರ್ ತಾವಾಗಿಯೇ ಬೀಳುತ್ತವೆ, ಪಕ್ಕದ ಸಣ್ಣ ಚುಕ್ಕೆಯಲ್ಲಿಟ್ಟರೆ ಕಾರು ಎರಡನೇ ಗೇರಿನಿಂದ ಹೊರಡುತ್ತದೆ. 1967ರಿಂದ ಬಂದದ್ದು ಪಿ-ಆರ್-ಎನ್-ಡಿ-2-1 ಎಂಬ ಲಿವರ್ ಕ್ರಮ. ಹೊಸ ಬಗೆಯ ವಾಲ್ವ್ ಬಾಡಿ ಇದ್ದರೂ ಕಾರು ಓಡುತ್ತದೆ, ಆದರೆ ಲಿವರ್ ತೋರಿಸುವುದು ಒಂದು, ಗೇರ್‌ಬಾಕ್ಸ್ ಮಾಡುವುದು ಇನ್ನೊಂದು. ಆರು ಸಿಲಿಂಡರ್ ಕಾರಿನಿಂದ ಇಳಿಸಿದ ಸಿ4 ಅನ್ನು ವಿ8ಗೆ ಹಾಕಬೇಡಿ. ಅದರಲ್ಲಿ ಕ್ಲಚ್ ಪ್ಲೇಟ್ ಕಡಿಮೆ. ಮಾರುವವರು ಫ್ಲೆಕ್ಸ್‌ಪ್ಲೇಟ್ (ಕನ್ವರ್ಟರನ್ನು ಇಂಜಿನ್‌ಗೆ ಜೋಡಿಸುವ ತಟ್ಟೆ) ಪುಕ್ಕಟೆ ಕೊಡುತ್ತೇನೆಂದರೆ ಅದು ಯಾವ ಇಂಜಿನ್ನಿನದು ಎಂದು ವಿಚಾರಿಸಿ. 289ಕ್ಕೆ ಬೇಕಾದದ್ದು 28 ಔನ್ಸ್ ಬ್ಯಾಲೆನ್ಸ್‌ನದು. 1980ರ ದಶಕದ 302ರಿಂದ ಬಿಚ್ಚಿದ 50 ಔನ್ಸಿನದನ್ನು ಹಾಕಿದರೆ ಇಂಜಿನ್ ನಡುಗುತ್ತದೆ.

ಗುರುತಿನ ತಗಡು ಇಂಟರ್‌ಮೀಡಿಯೆಟ್ ಸರ್ವೋ (ಬ್ಯಾಂಡ್ ಬಿಗಿಯುವ ಪಿಸ್ಟನ್) ಮುಚ್ಚಳದ ಒಂದು ಬೋಲ್ಟಿನಡಿ ಇರುತ್ತದೆ. ಅದು ಉಳಿದಿದ್ದರೆ ಮಾದರಿ ಗೊತ್ತಾಗುತ್ತದೆ. ಇಲ್ಲದಿದ್ದರೆ ಪ್ಯಾನಿನ (ತಳದ ಎಣ್ಣೆತಟ್ಟೆಯ) ಬೋಲ್ಟ್ ಎಣಿಸಿ. ಸಿ4ಗೆ 11, ದೊಡ್ಡಣ್ಣ ಸಿ6ಗೆ 17.

ಎಲ್ಲಿ ಹುಡುಕಬೇಕು? ನನಗೆ ಅತ್ಯಂತ ಇಷ್ಟವಾದ ಮೂಲ ಒಂದಿದೆ. ಮಸ್ಟಾಂಗ್ ಇಟ್ಟುಕೊಂಡವರಲ್ಲಿ ಅನೇಕರು ಹೆದ್ದಾರಿಯ ಓಟಕ್ಕೆಂದು ಐದು ಗೇರಿನ ಟಿ5 ಮ್ಯಾನ್ಯುಯಲ್ಲೋ ಓವರ್‌ಡ್ರೈವ್ ಇರುವ ಎಒಡಿಯೋ ಹಾಕಿಸಿಕೊಳ್ಳುತ್ತಾರೆ. ಆಗ ಚೆನ್ನಾಗಿ ಓಡುತ್ತಿದ್ದ ಸಿ4 ಹೊರಗೆ ಬರುತ್ತದೆ. ಅವರು ಅದನ್ನು ಇಳಿಸುವ ಮೊದಲೇ ನೀವು ಅಲ್ಲಿ ತಲುಪಬೇಕು. ಕಾರಿನಲ್ಲಿದ್ದಾಗಲೇ ಓಡಿಸಿ ನೋಡಿದ ಗೇರ್‌ಬಾಕ್ಸ್‌ಗೆ ಸಮನಾದದ್ದು ಬೇರೆ ಇಲ್ಲ. ಇಂಜಿನ್ ತಣ್ಣಗಿದ್ದಾಗ ರಿವರ್ಸ್‌ಗೆ ಹಾಕಿ, ಡ್ರೈವ್‌ಗೆ ಹಾಕಿ. ತಡವಿಲ್ಲದೆ, ಬಡಿತವಿಲ್ಲದೆ ಹಿಡಿಯಬೇಕು. ಆಮೇಲೆ ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಎರಡರಿಂದ ಮೂರನೇ ಗೇರಿಗೆ ಹೋಗುವ ಕ್ಷಣವನ್ನು ಗಮನವಿಟ್ಟು ಕೇಳಿ. ಕಾರು ಮುಂದಕ್ಕೆ ಎಳೆಯದೆ ಇಂಜಿನ್ ಸದ್ದು ಒಮ್ಮೆಲೇ ಏರಿದರೆ ಆ ಕ್ಲಚ್ ಜಾರುತ್ತಿದೆ. ಹಿಂಬದಿಯ ವ್ಯಾಕ್ಯೂಮ್ ಮಾಡ್ಯುಲೇಟರ್‌ನ (ಇಂಜಿನ್ನಿನ ನಿರ್ವಾತಕ್ಕೆ ತಕ್ಕಂತೆ ಗೇರ್ ಬದಲಾವಣೆ ಹೊಂದಿಸುವ ಭಾಗ) ಹೋಸ್ ಎಳೆದು ನೋಡಿ. ಒಳಗೆ ಕೆಂಪು ಎಣ್ಣೆ ಕಂಡರೆ ಡಯಾಫ್ರಮ್ ಹರಿದಿದೆ, ಇಂಜಿನ್ ಆ ಎಣ್ಣೆಯನ್ನು ಹೀರಿಕೊಳ್ಳುತ್ತಿದೆ. ಇದು ಅಗ್ಗದ ಬಿಡಿಭಾಗ, ಇದೊಂದಕ್ಕಾಗಿ ಬಿಟ್ಟುಬರಬೇಕಿಲ್ಲ.

ನೆಲದ ಮೇಲಿಟ್ಟು ಮಾರುವವರ ಹತ್ತಿರ ಪ್ಯಾನ್ ಬಿಚ್ಚಲು ಬಿಡಿ ಎಂದು ಕೇಳಿ. ಹೊಸ ಗ್ಯಾಸ್ಕೆಟ್ ನಿಮ್ಮ ಕೈಯಲ್ಲೇ ಒಯ್ಯಿರಿ, ಆಗ ಬೇಡ ಎನ್ನಲು ಕಾರಣ ಉಳಿಯುವುದಿಲ್ಲ. ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡದೆ ಯಾರೂ ವ್ಯಾಪಾರ ಮಾಡುವುದಿಲ್ಲ, ಇಲ್ಲಿಯೂ ಅಷ್ಟೇ. ಕಟ್ಟಿದ ಮೇಲೆ ಓಡಿಯೇ ಇಲ್ಲ ಎನ್ನುವ ಗೇರ್‌ಬಾಕ್ಸ್‌ನ ಪ್ಯಾನ್ ಸ್ವಚ್ಛವಾಗಿರಬೇಕು, ಫಿಲ್ಟರ್ ಹೊಸದಿರಬೇಕು. ಸ್ವಲ್ಪ ಓಡಿದ್ದರೆ ತಳದಲ್ಲಿ ತೆಳು ಬೂದು ಪದರ ಇರುವುದು ಸಹಜ. ಹಿತ್ತಾಳೆ ಬಣ್ಣದ ಚೂರು ಕಂಡರೆ ಬುಷ್ ಅಥವಾ ವಾಷರ್ ತಿನ್ನುತ್ತಿದೆ. ಕಪ್ಪು ಹೊಟ್ಟು, ಸೀದ ವಾಸನೆ ಇದ್ದರೆ ಕ್ಲಚ್ ಸುಟ್ಟಿದೆ. ಪ್ಯಾನಿನ ಒಳಅಂಚಿಗೆ ಸಿಲಿಕೋನ್ ಅಂಟು ಉಕ್ಕಿ ಬಂದಿದ್ದರೆ ಕಟ್ಟಿದವರ ಕೈ ಎಂಥದ್ದೆಂದು ಅಲ್ಲೇ ಗೊತ್ತಾಯಿತು. ಆ ಚೂರು ಕಿತ್ತುಕೊಂಡು ಫಿಲ್ಟರ್‌ಗೆ ಹೋಗಿ ಕೂರುತ್ತದೆ.

ಡಯಲ್ ಗೇಜ್ ಇದ್ದರೆ ಎಂಡ್ ಪ್ಲೇ (ಶಾಫ್ಟ್ ಹಿಂದೆ ಮುಂದೆ ಅಲುಗುವ ಅಂತರ) ಅಳೆಯಿರಿ. ಸಿ4ಗೆ 0.008ರಿಂದ 0.042 ಇಂಚಿನವರೆಗೆ ಸರಿ. ಒಳ್ಳೆಯ ಮೆಕ್ಯಾನಿಕ್ ಕಡಿಮೆಯ ಕಡೆಗೇ ಇಟ್ಟಿರುತ್ತಾರೆ.

ನಮ್ಮ ಬೀದಿಯಲ್ಲಿ ಜೀವನವಿಡೀ ಟ್ರಾನ್ಸ್‌ಮಿಷನ್ ಅಂಗಡಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರು ನನಗೆ ಕಲಿಸಿದ ಪರೀಕ್ಷೆ ಗಾಳಿಯದು. ವಾಲ್ವ್ ಬಾಡಿ ತೆಗೆದು, ಕೇಸ್‌ನ ಎಣ್ಣೆದಾರಿಗಳಿಗೆ ಒಂದೊಂದಾಗಿ 30–40 ಪಿಎಸ್‌ಐ ಗಾಳಿ ಬಿಡುವುದು. ಕ್ಲಚ್ ಹಿಡಿದಾಗ ‘ದುಬ್’ ಎಂಬ ಗಟ್ಟಿ ಸದ್ದು ಬರುತ್ತದೆ, ಸರ್ವೋಗೆ ಬಿಟ್ಟರೆ ಬ್ಯಾಂಡ್ ಬಿಗಿಯುವುದು ಕಣ್ಣಿಗೇ ಕಾಣುತ್ತದೆ. ಬರೀ ‘ಸುಯ್’ ಎಂದು ಗಾಳಿ ಸೋರಿದರೆ ಒಳಗಿನ ಸೀಲ್ ಹೋಗಿದೆ. ಮಾರುವವರ ಅಂಗಳದಲ್ಲಿ ಇಷ್ಟು ಬಿಚ್ಚಲಾಗದು, ನಿಜ. ಆದರೆ ಕಟ್ಟಿದವರು ಆಗ ಮಾಡಿದ್ದ ವಿಡಿಯೋ ಇದೆಯೇ ಎಂದು ಕೇಳಬಹುದು. ಪ್ರಾಮಾಣಿಕವಾಗಿ ಕೆಲಸ ಮಾಡಿದವರು ಇದನ್ನು ತೋರಿಸಲು ಖುಷಿಪಡುತ್ತಾರೆ, ಅಂಥವರ ಕೆಲಸಕ್ಕೆ ನಾನು ಹೆಚ್ಚು ದುಡ್ಡು ಸಂತೋಷದಿಂದ ಕೊಡುತ್ತೇನೆ.

ಎಷ್ಟು ವರ್ಷ ಮೂಲೆಯಲ್ಲಿ ಕೂತಿತ್ತು ಎಂಬುದೂ ಮುಖ್ಯ. ಎಣ್ಣೆದಾರಿಗಳಿಗೆ ಬಿರಡೆ ಹಾಕದೆ ಶೆಡ್‌ನಲ್ಲಿಟ್ಟ ಗೇರ್‌ಬಾಕ್ಸ್‌ನ ಒಳಗೆ ಈ ಕಡೆಯ ತೇವಕ್ಕೆ ಉಕ್ಕಿನ ಪ್ಲೇಟ್‌ಗಳು ತುಕ್ಕು ಹಿಡಿಯುತ್ತವೆ, ರಬ್ಬರ್ ಸೀಲ್ ಗಟ್ಟಿಯಾಗುತ್ತದೆ. ಹತ್ತು ವರ್ಷದ ಹಿಂದೆ ಕಟ್ಟಿ ಒಂದು ಮೈಲಿಯೂ ಓಡದ್ದಕ್ಕಿಂತ ಎರಡು ವರ್ಷ ಓಡಿ ಈಗ ತಾನೇ ಇಳಿಸಿದ್ದನ್ನು ನಾನು ಆರಿಸಿಕೊಳ್ಳುತ್ತೇನೆ. ಗ್ಯಾರಂಟಿ ಇದೆ ಎಂದರೆ ಅದು ಎರಡನೇ ಕೈಗೂ ಸಲ್ಲುತ್ತದೆಯೇ ಎಂದು ಕಟ್ಟಿದ ಅಂಗಡಿಗೇ ಫೋನ್ ಮಾಡಿ. ಸಾಮಾನ್ಯವಾಗಿ ಸಲ್ಲುವುದಿಲ್ಲ.

ಟಾರ್ಕ್ ಕನ್ವರ್ಟರ್ ಜೊತೆಗೆ ಬಂದರೂ ಅದನ್ನು ಬೇರೆಯಾಗಿಯೇ ಪರೀಕ್ಷಿಸಿ ನೋಡಿ. ಹಬ್‌ನ ಮೇಲೆ ಬೆರಳಿಗೆ ಸಿಗುವ ಗೀರು ಇರಬಾರದು. ಬಗ್ಗಿಸಿ ಒಳಗಿನ ಎಣ್ಣೆಯನ್ನು ಬಿಳಿ ಬಟ್ಟೆಗೆ ಬಸಿಯಿರಿ. ಹಳೆ ಗೇರ್‌ಬಾಕ್ಸ್ ಸುಟ್ಟಾಗ ಅದರ ಕೊಳೆ ಕನ್ವರ್ಟರ್‌ನಲ್ಲೂ ರೇಡಿಯೇಟರ್‌ನ ಕೂಲರ್‌ನಲ್ಲೂ ನಿಂತಿರುತ್ತದೆ. ಅನುಮಾನವಿದ್ದರೆ ಹೊಸ ಕನ್ವರ್ಟರ್ ಹಾಕಿ, ಕೂಲರ್ ಮತ್ತು ಪೈಪ್ ತೊಳೆಯಿರಿ. ಈ ಖರ್ಚನ್ನು ಬೆಲೆ ಕಟ್ಟುವಾಗಲೇ ಸೇರಿಸಿಕೊಳ್ಳಿ.

ತರುವಾಗ ಕನ್ವರ್ಟರ್ ಜಾರದಂತೆ ಬೆಲ್‌ಹೌಸಿಂಗ್‌ಗೆ ಅಡ್ಡಪಟ್ಟಿ ಬಿಗಿಯಿರಿ. ಜೋಡಿಸುವಾಗ ಕನ್ವರ್ಟರ್ ಹಂತ ಹಂತವಾಗಿ ಒಳಗೆ ಕೂತು, ಪಂಪಿನ ಹಲ್ಲಿಗೆ ಸಿಕ್ಕಿಕೊಳ್ಳಬೇಕು. ಬೆಲ್‌ಹೌಸಿಂಗ್ ಇಂಜಿನ್‌ಗೆ ತಾಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸುಲಭವಾಗಿ ತಿರುಗಬೇಕು. ತಿರುಗದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಪಂಪ್ ಒಡೆಯುತ್ತದೆ. ಬ್ಯಾಂಡ್‌ಗಳನ್ನು ನೀವೇ ಹೊಂದಿಸಿ: ಎರಡಕ್ಕೂ 10 ಫುಟ್-ಪೌಂಡ್ ಬಿಗಿದು, ಇಂಟರ್‌ಮೀಡಿಯೆಟ್ ಬ್ಯಾಂಡ್ ಒಂದೂಮುಕ್ಕಾಲು ಸುತ್ತು, ಲೋ-ರಿವರ್ಸ್ ಬ್ಯಾಂಡ್ ಮೂರು ಸುತ್ತು ಸಡಿಲಿಸಿ, ಲಾಕ್‌ನಟ್ ಹಾಕುವುದು. ಟೈಪ್ ಎಫ್ (ಹಳೆ ಫೋರ್ಡ್ ಆಟೋಮ್ಯಾಟಿಕ್‌ಗಳ) ಎಣ್ಣೆಯೇ ಹಾಕಬೇಕೋ ಬೇರೆಯದೋ ಎಂಬುದು ಒಳಗಿನ ಕ್ಲಚ್ ಪ್ಲೇಟ್ ಮೇಲೆ ನಿಂತಿದೆ, ಅದನ್ನು ಕಟ್ಟಿದವರನ್ನೇ ಕೇಳಿ. ನಾಲ್ಕೈದು ಕ್ವಾರ್ಟ್ ಸುರಿದು ಇಂಜಿನ್ ಚಾಲೂ ಮಾಡಿ, ಬ್ರೇಕ್ ತುಳಿದು ಎಲ್ಲ ಗೇರಿಗೂ ಒಮ್ಮೆ ಹಾಕಿ. ಪಾರ್ಕ್‌ನಲ್ಲಿಟ್ಟು, ಇಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ನೋಡಿ ಉಳಿದದ್ದು ತುಂಬಿಸಿ. ಕೆಲವು ನೂರು ಮೈಲಿ ಓಡಿಸಿದ ಮೇಲೆ ಮತ್ತೆ ಪ್ಯಾನ್ ಇಳಿಸಿ ತಳ ಪರೀಕ್ಷಿಸಿ, ಫಿಲ್ಟರ್ ಬದಲಿಸಿ.