ಹಳೆಯ ಟ್ರ್ಯಾಕ್ಟರಿನ 6 ವೋಲ್ಟ್ ವೈರಿಂಗ್: ಬದಲಿಸುವ ಮುನ್ನ ಅಳೆದು ನೋಡಿ

1947ರಿಂದ 1952ರವರೆಗೆ ತಯಾರಾದ ಫೋರ್ಡ್ 8ಎನ್ ಸೇರಿದಂತೆ ಆ ಕಾಲದ ಅನೇಕ ಪೆಟ್ರೋಲ್ ಟ್ರ್ಯಾಕ್ಟರುಗಳು 6 ವೋಲ್ಟ್ ಬ್ಯಾಟರಿಯಿಂದ ನಡೆಯುವಂಥವು. ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ನಿಧಾನವಾಗಿ ತಿರುಗಿದ ಕೂಡಲೇ 6 ವೋಲ್ಟ್ ಸಾಲದೆಂದು ತೀರ್ಮಾನಿಸಿ 12 ವೋಲ್ಟಿಗೆ ಏರಿಸುವವರು ಬಹಳ. ಆದರೆ ಹೊಸದಾಗಿದ್ದಾಗ ಇವೇ ಎಂಜಿನ್‌ಗಳು ಅದೇ 6 ವೋಲ್ಟಿನಲ್ಲಿ ಸ್ಟಾರ್ಟ್ ಆಗುತ್ತಿದ್ದವು. ಆದ್ದರಿಂದ ಮೊದಲು ಅನುಮಾನಿಸಬೇಕಾದದ್ದು ಕೇಬಲ್ ಮತ್ತು ಅರ್ಥ್ ಜೋಡಣೆಯನ್ನು, ಅಂದರೆ ಬ್ಯಾಟರಿಯ ಒಂದು ಕಂಬವನ್ನು ಟ್ರ್ಯಾಕ್ಟರಿನ ಲೋಹದ ಮೈಗೆ ಸೇರಿಸುವ ಜೋಡಣೆಯನ್ನು.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. ಮೂರು ಸೆಲ್‌ಗಳ ಆರೋಗ್ಯವಂತ ಬ್ಯಾಟರಿ ಸುಮಾರು 6.3 ವೋಲ್ಟ್ ತೋರಿಸಬೇಕು. ಬಳಿಕ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಇಗ್ನಿಷನ್ ಆಫ್ ಮಾಡಿ, ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ಥ್ ಕಡೆಯ ಸೀಸದ ಕಂಬದ ನಡುವಿಗೂ ಇನ್ನೊಂದನ್ನು ಸೆಲ್ಫ್ ಮೋಟರಿನ ಮೈಗೂ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಮೀಟರ್ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲೆಲ್ಲೋ ಅಡಚಣೆಯಿಂದ ವೋಲ್ಟೇಜ್ ನಷ್ಟವಾಗಿ ಶಾಖವಾಗುತ್ತಿದೆ. ಇನ್ನೊಂದು ಕಂಬದಿಂದ ಸೆಲ್ಫಿನ ಬೋಲ್ಟಿನವರೆಗೂ ಹೀಗೆಯೇ ಅಳೆಯಿರಿ. ತಕ್ಷಣ ಕೈಯಿಟ್ಟು ನೋಡಿದರೆ ಕೆಟ್ಟ ಜೋಡಣೆ ಬೆಚ್ಚಗಿರುತ್ತದೆ. ಬಿಚ್ಚಿದಾಗ ಒಳಗೆ ಹಸಿರು ಕಿಲುಬು ಕಾಣುವುದೂ ಉಂಟು.

ಇಷ್ಟು ಸಣ್ಣ ಅಂಕಿಗೆ ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಅದೇ ಶಕ್ತಿಗೆ 6 ವೋಲ್ಟಿನಲ್ಲಿ 12 ವೋಲ್ಟಿನ ಎರಡರಷ್ಟು ಕರೆಂಟ್ ಹರಿಯಬೇಕು. ಹಾಗಾಗಿ ಅದೇ ಕೇಬಲಿನಲ್ಲಿ ವೋಲ್ಟೇಜ್ ನಷ್ಟವೂ ಇಮ್ಮಡಿ. ಇರುವುದೇ ಅರ್ಧ ವೋಲ್ಟೇಜಾದ್ದರಿಂದ ಆ ನಷ್ಟದ ಪ್ರಮಾಣ ನಾಲ್ಕು ಪಟ್ಟಾಗುತ್ತದೆ. ಕಾರಿಗೆಂದು ಸಿಗುವ ತೆಳ್ಳಗಿನ ಸಿದ್ಧ ಕೇಬಲ್ ಇಲ್ಲಿ ನಡೆಯದು. 0 ಅಥವಾ 00 ಗೇಜಿನ ತಾಮ್ರದ ಕೇಬಲ್ ಹಾಕಿ, ಅರ್ಥ್ ಬೋಲ್ಟ್ ಕೂರುವ ಜಾಗದ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆಯಿರಿ. ಬಿಚ್ಚುವಾಗ ಮೊದಲು ಅರ್ಥ್ ಕೇಬಲ್, ಜೋಡಿಸುವಾಗ ಕೊನೆಗೆ ಅದು. 8ಎನ್‌ನಲ್ಲಿ ಪ್ಲಸ್ ಕಡೆಯೇ ಅರ್ಥ್ ಎಂಬುದನ್ನು ಮರೆತು ಅಭ್ಯಾಸಬಲದಿಂದ ಮೈನಸ್ ಬಿಚ್ಚಲು ಹೊರಟರೆ, ಸ್ಪ್ಯಾನರ್ ಚಾಸಿಗೆ ತಗುಲಿ ಕಿಡಿ ಹಾರುತ್ತದೆ.

ಬ್ಯಾಟರಿಯನ್ನು ಚಾರ್ಜ್ ಮಾಡುವ ಡೈನಮೋವನ್ನು ಬಿಚ್ಚಿ ಜೋಡಿಸಿದ ಮೇಲೆ ಅದಕ್ಕೆ ಧ್ರುವತೆ ಕೊಡಬೇಕಾಗುತ್ತದೆ, ಅಂದರೆ ಅದರ ಪ್ಲಸ್-ಮೈನಸ್ ಬ್ಯಾಟರಿಗೆ ಹೊಂದುವಂತೆ ಮಾಡಬೇಕಾಗುತ್ತದೆ. ವಿಧಾನ ಡೈನಮೋದ ಬಗೆಗೆ ತಕ್ಕಂತೆ ಬೇರೆಯಾದ್ದರಿಂದ ಆ ಟ್ರ್ಯಾಕ್ಟರಿನ ಕೈಪಿಡಿಯನ್ನೇ ಅನುಸರಿಸಿ. ಇಷ್ಟರಲ್ಲೇ ಸೆಲ್ಫ್ ಚುರುಕಾದರೆ ನಾನಂತೂ 6 ವೋಲ್ಟನ್ನೇ ಉಳಿಸಿಕೊಳ್ಳುವ ಪಕ್ಷದವನು. ಡೈನಮೋ ಸುಟ್ಟುಹೋಗಿದ್ದರೆ ಅಥವಾ ರಾತ್ರಿ ಕೆಲಸಕ್ಕೆ ಒಳ್ಳೆಯ ಲೈಟ್ ಬೇಕಿದ್ದರೆ 12 ವೋಲ್ಟ್ ಸರಿ.

ಆಗ ಬ್ಯಾಟರಿಯ ಮೈನಸ್ ಕಂಬವನ್ನು ಅರ್ಥ್ ಮಾಡಿ, ಡೈನಮೋದ ಜಾಗದಲ್ಲಿ ಅದೇ ಚಾರ್ಜಿಂಗ್ ಕೆಲಸ ಮಾಡುವ ಆಲ್ಟರ್ನೇಟರನ್ನು ಪುಲ್ಲಿಗಳು ಒಂದೇ ನೇರಕ್ಕೆ ಬರುವಂತೆ ಕೂರಿಸಿ, ಹಳೆಯ ರೆಗ್ಯುಲೇಟರನ್ನು ಸರ್ಕ್ಯೂಟಿನಿಂದ ಕಳಚಿ. ಆಮ್‌ಮೀಟರಿನ ಎರಡು ವೈರ್‌ಗಳನ್ನು ಅದಲುಬದಲು ಮಾಡಿ, ಬಲ್ಬುಗಳನ್ನೆಲ್ಲ ಬದಲಿಸಿ. ಸ್ಪಾರ್ಕ್‌ಗೆ ಹೈ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ನ ವಿಷಯದಲ್ಲಿ ಉಪೇಕ್ಷೆ ಬೇಡ: ಸುಮಾರು 3 ಓಮ್‌ನ 12 ವೋಲ್ಟ್ ಕಾಯಿಲ್ ಹಾಕಬೇಕು, ಇಲ್ಲವೇ ಹಳೆಯ ಕಾಯಿಲ್‌ಗೆ ಸರಿಹೊಂದುವ ರೆಸಿಸ್ಟರನ್ನು ಸರಣಿಯಲ್ಲಿ ಜೋಡಿಸಬೇಕು, ಎರಡನ್ನೂ ಮಾಡದಿದ್ದರೆ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲ್‌ನ ಕರೆಂಟನ್ನು ಕಡಿದು ಜೋಡಿಸುವ ಸ್ವಿಚ್) ಬೇಗನೆ ಸುಟ್ಟುಹೋಗುತ್ತದೆ. ಪ್ಲಸ್, ಮೈನಸ್ ಗುರುತಿರುವ ಕಾಯಿಲ್ ಆದರೆ ಈಗ ಅದರ ಮೈನಸ್ ಡಿಸ್ಟ್ರಿಬ್ಯೂಟರ್ ಕಡೆಗಿರಬೇಕು. ಸೆಲ್ಫ್ ಮೋಟರನ್ನು ಬದಲಿಸಬೇಕಿಲ್ಲ. ಅದರ ಫೀಲ್ಡ್ (ಸ್ಥಿರ ಸುರುಳಿ) ಮತ್ತು ಆರ್ಮೇಚರ್ (ಸುತ್ತುವ ಸುರುಳಿ) ಎರಡರಲ್ಲೂ ಕರೆಂಟಿನ ದಿಕ್ಕು ತಿರುಗುವುದರಿಂದ ಅದು ಮೊದಲಿನ ದಿಕ್ಕಿನಲ್ಲೇ ಸುತ್ತುತ್ತದೆ. ಆದರೆ ಅದರ ಪಿನಿಯನ್ (ಚಿಕ್ಕ ಹಲ್ಲುಚಕ್ರ) ಫ್ಲೈವೀಲಿನ ಹಲ್ಲುಗಳಿಗೆ ಜೋರಾಗಿ ಬಡಿಯುತ್ತದೆ, ಮೋಟರೂ ಬೇಗ ಬಿಸಿಯಾಗುವುದರಿಂದ ಕೆಲವೇ ಸೆಕೆಂಡು ಒತ್ತಿ ಬಿಡಿ.

ಇಗ್ನಿಷನ್‌ನಿಂದ ಆಲ್ಟರ್ನೇಟರಿಗೆ ಪ್ರಚೋದಕ ವೈರ್ (ಚಾರ್ಜ್ ಶುರುಮಾಡಿಸುವ ವೈರ್) ಹೋಗುವ ಮಾದರಿಯಾದರೆ ಆ ವೈರಿನಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಕೂರಿಸಿ, ಅದರ ಪಟ್ಟಿಯಿರುವ ತುದಿ ಆಲ್ಟರ್ನೇಟರಿನತ್ತ ಇರಲಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಕಾಣಬೇಕು. ಆಮೇಲೆ ಕೀ ಆಫ್ ಮಾಡಿ: ಎಂಜಿನ್ ನಿಲ್ಲದೆ ಓಡುತ್ತಲೇ ಇದ್ದರೆ ಆಲ್ಟರ್ನೇಟರಿನ ಕರೆಂಟ್ ಆ ವೈರಿನ ಮೂಲಕ ಹಿಂದಕ್ಕೆ ಹರಿದು ಕಾಯಿಲ್‌ ಸೇರುತ್ತಿದೆ, ಡಯೋಡ್ ಕೆಟ್ಟಿದೆ ಎಂದರ್ಥ. ಡಯೋಡನ್ನು ತಿರುವುಮುರುವಾಗಿ ಹಾಕಿದ್ದರೆ ಚಾರ್ಜೇ ಸರಿಯಾಗಿ ಶುರುವಾಗುವುದಿಲ್ಲ.